ಬಣವೆಯ ಬೆಂಕಿ, ಹದಿನಾರರ ಕಣ್ಣು: ಕಿರಿಯರಿಗಾಗಿ ಅಪರಾಧ ಪತ್ತೆಯ ಕಾದಂಬರಿ ಬರೆಯುವ ಬಗೆ

ಧಾರವಾಡ, ಗದಗ, ಹಾವೇರಿ ಕಡೆಯ ಹೈಸ್ಕೂಲು ಮತ್ತು ಪಿಯುಸಿ ಮಕ್ಕಳು ಬರೆದ ಪತ್ತೇದಾರಿ ಕತೆಗಳನ್ನು ನಾನು ಹಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಹತ್ತರಲ್ಲಿ ಏಳು ಕತೆಗಳಲ್ಲಿ ಒಂದೇ ದೃಶ್ಯ ಬರುತ್ತದೆ. ಹದಿನಾರರ ಹುಡುಗಿಯೊಬ್ಬಳು ಹೆಣದ ಪಕ್ಕ ನಿಂತು ಒಂದು ಕ್ಷಣ ಕಣ್ಣು ಮುಚ್ಚುತ್ತಾಳೆ. ತೆರೆದವಳೇ, "ಕೊಲೆಗಾರನಿಗೆ ಮೂವತ್ತೈದು ವರ್ಷ, ಎಡಗೈಯವನು, ತಾಯಿಯ ಪ್ರೀತಿ ಕಂಡವನಲ್ಲ" ಎನ್ನುತ್ತಾಳೆ. ಇನ್‌ಸ್ಪೆಕ್ಟರ್ ಬೆರಗಾಗುತ್ತಾನೆ. ಕೊನೆಯ ಪುಟದಲ್ಲಿ ಎಲ್ಲವೂ ಹಾಗೆಯೇ ಇರುತ್ತದೆ.

ಆ ಮಕ್ಕಳ ಉತ್ಸಾಹ ನನಗೆ ಬಹಳ ಇಷ್ಟ. ಆದರೆ ಆ ದೃಶ್ಯದಲ್ಲಿ ಹುಡುಗಿ ಏನನ್ನೂ ನೋಡುವುದಿಲ್ಲ, ಹೇಳುತ್ತಾಳೆ ಅಷ್ಟೆ. ನೋಡುವುದನ್ನು ಓದುಗನ ಕಣ್ಣೆದುರೇ ಹಂತ ಹಂತವಾಗಿ ನಡೆಸುವುದು, ನೋಡಿದ್ದರಿಂದ ಊಹೆ ಕಟ್ಟುವುದು, ಆ ಊಹೆ ಒಮ್ಮೆಯಾದರೂ ತಪ್ಪಿ ಅದರ ಬೆಲೆ ಯಾರೋ ತೆರುವುದು: ಇಷ್ಟಿದ್ದರೆ ಕತೆಗೆ ಜೀವ ಬರುತ್ತದೆ. ಹೇಗೆ ಎಂಬುದನ್ನು ಒಂದು ಕಲ್ಪಿತ ಕಾದಂಬರಿಯನ್ನು ನಿಮ್ಮೊಂದಿಗೇ ಕಟ್ಟುತ್ತ ತೋರಿಸುತ್ತೇನೆ. ಊರು ಹಾವೇರಿ ಜಿಲ್ಲೆಯ ಬ್ಯಾಡಗಿಯ ಸುತ್ತಿನ ಒಂದು ಹಳ್ಳಿ. ನಾಯಕಿ ಅನ್ನಪೂರ್ಣಾ, ಹಾವೇರಿಗೆ ಬಸ್ಸಿನಲ್ಲಿ ಹೋಗಿ ಬರುವ ಪ್ರಥಮ ಪಿಯುಸಿ ವಿದ್ಯಾರ್ಥಿನಿ.

ಮೊದಲ ಹೆಜ್ಜೆ: ಪ್ರೊಫೈಲಿಂಗ್ ಎಂದರೇನೆಂದು ತಿಳಿದುಕೊಳ್ಳಿ

ಅಪರಾಧ ನಡೆದ ರೀತಿಯನ್ನು ನೋಡಿ, ಮಾಡಿದವನು ಎಂಥವನಿರಬಹುದು ಎಂದು ಊಹಿಸುವ ಕೆಲಸಕ್ಕೆ ಪ್ರೊಫೈಲಿಂಗ್ ಎನ್ನುತ್ತಾರೆ. ಇದು ಹೊಸತಲ್ಲ. 1888ರಲ್ಲಿ ಲಂಡನ್ನಿನ ವೈಟ್‌ಚಾಪಲ್ ಕೊಲೆಗಳ ಬಗ್ಗೆ ಡಾ. ಥಾಮಸ್ ಬಾಂಡ್ ಎಂಬ ವೈದ್ಯರು ಪೊಲೀಸರಿಗೆ ಬರೆದುಕೊಟ್ಟ ವರದಿಯಲ್ಲಿ ಕೊಲೆಗಾರನ ಸ್ವಭಾವ, ದೇಹಬಲ, ದಿನಚರಿಯ ಊಹೆಗಳಿದ್ದವು. ಅಮೆರಿಕದ ಎಫ್‌ಬಿಐ 1972ರಲ್ಲಿ ಇದಕ್ಕೆಂದೇ ಒಂದು ಘಟಕ ತೆರೆಯಿತು. ಅಲ್ಲಿನ ರಾಬರ್ಟ್ ರೆಸ್ಲರ್ ಮತ್ತು ಜಾನ್ ಡಗ್ಲಸ್ ಸಂಗಡಿಗರೊಂದಿಗೆ ಜೈಲುಗಳಿಗೆ ಹೋಗಿ 36 ಅಪರಾಧಿಗಳನ್ನು ಮಾತನಾಡಿಸಿದರು. ಯೋಜಿಸಿ ಮಾಡುವವರು, ಯೋಜನೆಯಿಲ್ಲದೆ ಮಾಡುವವರು ಎಂಬ ಪ್ರಸಿದ್ಧ ವಿಂಗಡಣೆ ಬಂದದ್ದು ಆ ಕಾಲದ ಕೆಲಸದಿಂದ. ಧಾರಾವಾಹಿಗಳು ಇಂದಿಗೂ ಅದನ್ನೇ ಹಾಡುತ್ತಿವೆ. ಆದರೆ ಬ್ರಿಟನ್ನಿನ ಮನೋವಿಜ್ಞಾನಿ ಡೇವಿಡ್ ಕ್ಯಾಂಟರ್ ಮತ್ತು ಸಂಗಡಿಗರು 2004ರಲ್ಲಿ ಸರಣಿ ಕೊಲೆಗಳ ವಿವರಗಳನ್ನಿಟ್ಟುಕೊಂಡು ಪರೀಕ್ಷಿಸಿದಾಗ ಆ ಎರಡು ಬಣಗಳು ಹಾಗೆ ಬೇರೆ ಬೇರೆಯಾಗಿ ನಿಲ್ಲಲಿಲ್ಲ. ನಿಮ್ಮ ಕತೆಯ ಹುಡುಗಿ ಆ ವಿಂಗಡಣೆಯನ್ನು ವೇದವಾಕ್ಯದಂತೆ ಉಚ್ಚರಿಸಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಬರೆಯುವ ಮಕ್ಕಳಿಗೆ ನಾನು ಯಾವಾಗಲೂ ನ್ಯೂಯಾರ್ಕಿನ ಒಂದು ಪ್ರಕರಣವನ್ನು ಹೇಳುತ್ತೇನೆ. 1940ರಿಂದ 1956ರವರೆಗೆ ಒಬ್ಬ ಆ ನಗರದ ಚಿತ್ರಮಂದಿರ, ನಿಲ್ದಾಣಗಳಲ್ಲಿ ಬಾಂಬು ಇಡುತ್ತಿದ್ದ. ಜೇಮ್ಸ್ ಬ್ರಸೆಲ್ ಎಂಬ ಮನೋವೈದ್ಯರು ಅವನ ಚಿತ್ರ ಬಿಡಿಸಿದರು: ಮಧ್ಯವಯಸ್ಸಿನವನು, ಮದುವೆಯಾಗದವನು, ಸಿಕ್ಕಾಗ ಎರಡು ಸಾಲು ಗುಂಡಿಯ ಕೋಟು ತೊಟ್ಟಿರುತ್ತಾನೆ. 1957ರ ಜನವರಿಯಲ್ಲಿ ಜಾರ್ಜ್ ಮೆಟೆಸ್ಕಿ ಸಿಕ್ಕ. ಪೊಲೀಸರು ಬಾಗಿಲು ತಟ್ಟಿದಾಗ ಪೈಜಾಮದಲ್ಲಿದ್ದ ಅವನು ಬಟ್ಟೆ ಬದಲಿಸಿ ಬಂದಾಗ ತೊಟ್ಟಿದ್ದದ್ದು ಅಂಥದೇ ಕೋಟು. ಜಗತ್ತು ನೆನಪಿಟ್ಟುಕೊಂಡದ್ದು ಕೋಟನ್ನು. ಆದರೆ ಅವನ ಹೆಸರನ್ನು ಹೊರತೆಗೆದದ್ದು ಅವನು ಹಿಂದೆ ದುಡಿದಿದ್ದ ವಿದ್ಯುತ್ ಕಂಪನಿಯ ಆಲಿಸ್ ಕೆಲ್ಲಿ ಎಂಬ ಗುಮಾಸ್ತೆ. ನೌಕರರ ಹಳೆಯ ಪರಿಹಾರ ಅರ್ಜಿಗಳ ಕಡತಗಳನ್ನು ಕೂತು ತಿರುವಿ ಹಾಕಿ, ಬಾಂಬಿನವನ ಪತ್ರದ ಪದಗಳು ಒಂದು ಕಡತದಲ್ಲಿ ಹಾಗೆಯೇ ಇರುವುದನ್ನು ಆಕೆ ಕಂಡಳು. ಸ್ವಭಾವದ ಊಹೆ ದಿಕ್ಕು ತೋರಿಸಬಹುದು, ಹಿಡಿಯುವುದು ಕಾಗದ. ನಮ್ಮ ಕಾದಂಬರಿಯ ಕೊನೆಗೂ ಇದೇ ಕೆಲಸಕ್ಕೆ ಬರಲಿದೆ.

ಎರಡನೆಯ ಹೆಜ್ಜೆ: ಊರಿಗೆ ಹೊಂದುವ ಅಪರಾಧ ಆರಿಸಿ

ಸರಣಿ ಕೊಲೆಗಾರನನ್ನು ಬಿಟ್ಟುಬಿಡಿ. ಹದಿಮೂರರಿಂದ ಹದಿನೆಂಟರ ಓದುಗರಿಗೆ ರಕ್ತ ತೋರಿಸಬಾರದೆಂಬ ಮಡಿವಂತಿಕೆಯಿಂದ ಇದನ್ನು ಹೇಳುತ್ತಿಲ್ಲ. ಸರಣಿ ಕೊಲೆ ನಡೆಯುವ ಊರಿನಲ್ಲಿ ಹದಿನಾರರ ಹುಡುಗಿಗೆ ತನಿಖೆಯ ಹತ್ತಿರ ಸುಳಿಯಲೂ ಆಗುವುದಿಲ್ಲ. ಅವಳು ನಿಜವಾಗಿ ಕಾಲಿಡಬಹುದಾದ ಜಾಗದಲ್ಲಿ ಅಪರಾಧ ನಡೆಯಬೇಕು.

ನಮ್ಮ ಕಡೆ ಅಂಥ ಅಪರಾಧಗಳಿಗೆ ಬರವಿಲ್ಲ. ಒಂದು, ಮೂಗರ್ಜಿ. ಹೆಸರಿಲ್ಲದ ಪತ್ರವೊಂದು ಒಬ್ಬ ಶಿಕ್ಷಕಿಯ ಬಾಳನ್ನೇ ಹಾಳು ಮಾಡಬಲ್ಲದು. ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ, ಅಚ್ಚುಮೊಳೆ ಜೋಡಿಸುತ್ತಿದ್ದ ಅಜ್ಜನ ಮೊಮ್ಮಗನು ಮೂಗರ್ಜಿಯ ಕಾಗುಣಿತ, ಒತ್ತಕ್ಷರ, ಸಾಲಿನ ಅಂಚು ನೋಡಿ ಬರೆದವನ ಶಾಲೆ, ಸೀಮೆ, ವಯಸ್ಸು ಊಹಿಸುವ ಕಾದಂಬರಿಗಾಗಿ ನಾನು ಇನ್ನೂ ಕಾಯುತ್ತಿದ್ದೇನೆ. ಯಾರಾದರೂ ಬರೆಯಿರಿ.

ಇನ್ನೊಂದು, ಬಣವೆಗೆ ಬೆಂಕಿ. ನಾವು ಇದನ್ನು ಆರಿಸಿಕೊಳ್ಳೋಣ. ಕಣಿಕೆ, ಹೊಟ್ಟು, ಹುಲ್ಲು ಒಟ್ಟಿದ ಬಣವೆ ಎಂದರೆ ಬೇಸಿಗೆಯಿಡೀ ಎತ್ತುಗಳ ಅನ್ನ. ಅದು ಒಂದು ರಾತ್ರಿಯಲ್ಲಿ ಬೂದಿಯಾದರೆ ಆ ಮನೆಯ ದನಗಳು ಮುಂಗಾರಿನವರೆಗೆ ಬದುಕುವುದು ಹೇಗೆ? ಯಾರೂ ಸತ್ತಿಲ್ಲ, ಆದರೂ ಒಂದು ಮನೆ ಮುರಿದಿದೆ. ಕಿರಿಯ ಓದುಗರಿಗೆ ಈ ನಷ್ಟದ ತೂಕ ತಿಳಿಸುವುದೇ ನಿಮ್ಮ ಮೊದಲ ಮೂರು ಅಧ್ಯಾಯಗಳ ಕೆಲಸ.

ಸಂಕ್ರಾಂತಿ ಕಳೆದ ಮೇಲೆ ಹೋಳಿ ಹುಣ್ಣಿಮೆಯೊಳಗೆ ಐದು ಬಣವೆಗಳು ಸುಡಲಿ. ಈ ಕಾಲವನ್ನು ಬೇಕೆಂದೇ ಆರಿಸಿದ್ದೇನೆ. ಕಾಮದಹನಕ್ಕೆಂದು ಹುಡುಗರು ಕಟ್ಟಿಗೆ, ಕುಳ್ಳು ಕದಿಯುವ ದಿನಗಳವು. ಊರಿನ ಮೊದಲ ಅನುಮಾನ ತಾನಾಗಿಯೇ ಆ ಹುಡುಗರ ಮೇಲೆ ಬೀಳುತ್ತದೆ. ದಾರಿ ತಪ್ಪಿಸುವ ಸುಳಿವನ್ನು ನೀವು ಹೊರಗಿನಿಂದ ತರಬೇಕಿಲ್ಲ, ಪಂಚಾಂಗವೇ ಕೊಟ್ಟಿದೆ.

ಎರಡು ಎಚ್ಚರಿಕೆಗಳು. ಬೆಂಕಿ ಹಚ್ಚಿದ ವಿಧಾನವನ್ನು ವಿವರಿಸಬೇಡಿ, ಓದುವವರು ಮಕ್ಕಳು. 2024ರ ಮಾರ್ಚಿನಲ್ಲಿ ಮೆಣಸಿನಕಾಯಿಯ ಬೆಲೆ ಕುಸಿದು ರೊಚ್ಚಿಗೆದ್ದ ರೈತರು ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಇಟ್ಟ ಘಟನೆ ಓದುಗರ ನೆನಪಿನಲ್ಲಿದೆ. ಅದನ್ನು ಕತೆಗೆ ಎಳೆಯಬೇಡಿ. ಅದು ಬೇರೆಯೇ ನೋವು, ಅದಕ್ಕೆ ಬೇರೆಯೇ ಪುಸ್ತಕ ಬೇಕು.

ಮೂರನೆಯ ಹೆಜ್ಜೆ: ಪ್ರತಿಭೆ ಎಲ್ಲಿಂದ ಬಂತು?

"ಹುಟ್ಟಿನಿಂದಲೇ ಅವಳಿಗೆ ಅಸಾಧಾರಣ ಬುದ್ಧಿ" ಎಂಬ ಸಾಲನ್ನು ಹೊಡೆದುಹಾಕಿ. ಅವಳ ಕಣ್ಣು ಯಾವುದೋ ಕೆಲಸದಲ್ಲಿ ಪಳಗಿರಬೇಕು.

ಅನ್ನಪೂರ್ಣಾಳ ತಾಯಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾಳೆ. ರಜೆಯ ದಿನಗಳಲ್ಲಿ ಮಗಳೂ ಜೊತೆಗೆ ಕೂತವಳೇ. ಘಾಟಿಗೆ ಮೂಗಿಗೆ ಸೆರಗು ಕಟ್ಟಿಕೊಂಡು ಸಾಲಾಗಿ ಕೂತ ಹೆಂಗಸರ ಮುಂದೆ ಒಂದೊಂದು ರಾಶಿ. ಬ್ಯಾಡಗಿ ಕಾಯಿಯ ಎರಡು ಬಗೆಗಳಾದ ಡಬ್ಬಿ ಯಾವುದು, ಕಡ್ಡಿ ಯಾವುದು ಎಂಬುದು ಅವಳಿಗೆ ಆರನೆಯ ವಯಸ್ಸಿಗೇ ಗೊತ್ತು. ಹತ್ತನೆಯ ವಯಸ್ಸಿಗೆ ಇನ್ನೊಂದು ವಿಷಯ ಗೊತ್ತಾಯಿತು: ರಾಶಿಯನ್ನು ನೋಡಿದರೆ ಯಾರ ಕೈಯದೆಂದು ಹೇಳಬಹುದು. ಒಬ್ಬಳು ತೊಟ್ಟನ್ನು ತಿರುಚಿ ತೆಗೆಯುತ್ತಾಳೆ, ಇನ್ನೊಬ್ಬಳು ಹಿಂದಕ್ಕೆ ಬಾಗಿಸಿ ಮುರಿಯುತ್ತಾಳೆ. ಸಿಟ್ಟಿನಲ್ಲಿರುವವಳ ರಾಶಿಯಲ್ಲಿ ಹೋಳಾದ ಕಾಯಿ ಹೆಚ್ಚು. ಮಗುವಿಗೆ ಹುಷಾರಿಲ್ಲದವಳ ರಾಶಿ ಮಧ್ಯಾಹ್ನದವರೆಗೂ ಸಣ್ಣದು, ಆಮೇಲೆ ಅವಸರದಲ್ಲಿ ದೊಡ್ಡದು.

ಪ್ರೊಫೈಲಿಂಗಿನ ಒಂದು ಮುಖ್ಯ ಪಾಠ ಇಲ್ಲಿ ಪಠ್ಯಪುಸ್ತಕವಿಲ್ಲದೆ ಬಂದುಬಿಟ್ಟಿತು. ಕೆಲಸ ಮುಗಿಸಲು ಬೇಕಾದ ವಿಧಾನ ಬೇರೆ, ಕೆಲಸಕ್ಕೆ ಬೇಕಿಲ್ಲದಿದ್ದರೂ ಮಾಡುವವನು ಬಿಡಲಾರದ ರೂಢಿ ಬೇರೆ. ಮೊದಲನೆಯದು ಕಲಿಯುತ್ತ ಕಲಿಯುತ್ತ ಬದಲಾಗುತ್ತದೆ. ಎರಡನೆಯದು ಕೈಬರಹದಂತೆ ಉಳಿಯುತ್ತದೆ. ಪರಿಣತರು ಅದನ್ನು ಅಪರಾಧಿಯ ಸಹಿ ಎನ್ನುತ್ತಾರೆ.

ನಮ್ಮ ಕತೆಯ ಸಹಿ ಇದು: ಐದೂ ಕಡೆ, ಬೆಂಕಿ ಇಡುವ ಮೊದಲು ಯಾರೋ ಬಣವೆಯ ಹತ್ತಿರ ಕಟ್ಟಿದ್ದ ಎತ್ತುಗಳನ್ನು ಬಿಚ್ಚಿ, ದೂರದ ಮರಕ್ಕೆ ಒಯ್ದು ಕಟ್ಟಿದ್ದಾರೆ. ಒಂದು ದನದ ಮೈಗೂ ಬಿಸಿ ತಾಗಿಲ್ಲ.

ಪ್ರತಿಭೆಯ ಜೊತೆಗೆ ಅದಕ್ಕೊಂದು ಕುರುಡು ಮೂಲೆಯನ್ನೂ ಕೊಡಿ. ಅನ್ನಪೂರ್ಣಾ ಎಲ್ಲರ ಕೈಯನ್ನೂ ಓದಬಲ್ಲಳು, ತನಗೆ ಪ್ರೀತಿಯ ಕೈಯೊಂದನ್ನು ಬಿಟ್ಟು. ಇದನ್ನು ಮನಸ್ಸಿನಲ್ಲಿಡಿ.

ನಾಲ್ಕನೆಯ ಹೆಜ್ಜೆ: ನಕ್ಷೆಯನ್ನು ಕಾಲಿನಿಂದ ಬರೆಯಿರಿ

ಕ್ಯಾಂಟರ್ ಅವರ ಒಂದು ಸರಳ ತತ್ವವಿದೆ. ಸರಣಿ ಅಪರಾಧಗಳ ಪೈಕಿ ಒಂದಕ್ಕೊಂದು ಅತಿ ದೂರದ ಎರಡು ಜಾಗಗಳನ್ನು ವ್ಯಾಸವಾಗಿಸಿ ವೃತ್ತ ಎಳೆದರೆ, ಅಪರಾಧಿಯ ನೆಲೆ ಅನೇಕ ಸಲ ಅದರೊಳಗೇ ಇರುತ್ತದೆ. ಕೆನಡಾದ ಪೊಲೀಸ್ ಅಧಿಕಾರಿ ಕಿಮ್ ರೋಸ್ಮೋ ಇಂಥ ಲೆಕ್ಕವನ್ನು ಗಣಿತದ ಸೂತ್ರವಾಗಿ ಬೆಳೆಸಿ 1995ರಲ್ಲಿ ಡಾಕ್ಟರೇಟ್ ಪಡೆದರು. ಅವರ ಲೆಕ್ಕದಲ್ಲಿ ಎರಡು ಎಳೆತಗಳಿವೆ: ದೂರ ಹೋಗಲು ಅಪರಾಧಿಗೆ ಬೇಸರ, ತೀರ ಮನೆಯ ಪಕ್ಕ ಮಾಡಲು ಗುರುತು ಹಿಡಿದಾರೆಂಬ ಭಯ.

ಒಂದು ಬಿಳಿ ಹಾಳೆಯ ಮೇಲೆ ಹಳ್ಳಿ ಬರೆಯಿರಿ. ಕೆರೆ, ದ್ಯಾಮವ್ವನ ಗುಡಿ, ಬಸ್ಸು ನಿಲ್ಲುವ ಜಾಗ, ಬ್ಯಾಡಗಿಗೆ ಹೋಗುವ ರಸ್ತೆ, ಐದು ಹಿತ್ತಿಲು. ಆಮೇಲೆ ಅಂಥದೊಂದು ನಿಜವಾದ ಹಳ್ಳಿಗೆ ಹೋಗಿ ಕತ್ತಲಲ್ಲಿ ನಡೆಯಿರಿ, ಒಬ್ಬರೇ ಹೋಗಬೇಡಿ. ಯಾವ ಓಣಿಯಲ್ಲಿ ನಾಯಿ ಬೊಗಳುತ್ತದೆ, ಯಾವ ಕಟ್ಟೆಯ ಮೇಲೆ ಹನ್ನೊಂದರವರೆಗೂ ಜನ ಕೂತಿರುತ್ತಾರೆ, ಹಿತ್ತಿಲಿಂದ ಹಿತ್ತಿಲಿಗೆ ಹಾದುಹೋಗುವ ದಾರಿ ಯಾವುದು ಎಂಬುದು ಆಗ ಮಾತ್ರ ತಿಳಿಯುತ್ತದೆ. ಊಹಿಸಿ ಬರೆದ ನಕ್ಷೆಯಲ್ಲಿ ನಾಯಿಗಳಿರುವುದಿಲ್ಲ.

ಕತೆ ಹುಬ್ಬಳ್ಳಿ-ಧಾರವಾಡದಲ್ಲಿ ನಡೆದರೆ ವೃತ್ತದ ತತ್ವ ತಡವರಿಸುತ್ತದೆ, ಆ ತಡವರಿಕೆ ಕತೆಗಾರನಿಗೆ ವರ. ಅವಳಿ ನಗರ ಉದ್ದಕ್ಕೆ ಚಾಚಿಕೊಂಡಿದೆ. ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿನ ದಾರಿಯೇ ಸುಮಾರು 22 ಕಿಲೋಮೀಟರ್. ಉಣಕಲ್ಲಿನಲ್ಲಿ ಒಂದು, ನವನಗರದಲ್ಲಿ ಒಂದು, ಧಾರವಾಡದ ಜುಬಿಲಿ ಸರ್ಕಲ್ ಹತ್ತಿರ ಒಂದು ಕಳವು ನಡೆದರೆ, ಕಳ್ಳನ ಜಗತ್ತು ವೃತ್ತವಾಗಿರುವುದಿಲ್ಲ, ಬಸ್ಸಿನ ಗೆರೆಯಾಗಿರುತ್ತದೆ. ಪುಸ್ತಕ ಓದಿ ವೃತ್ತ ಎಳೆದ ಹುಡುಗನಿಗೆ ಬಸ್ಸಿನ ಕಿಟಕಿಯಲ್ಲಿ ಈ ಸತ್ಯ ಹೊಳೆಯುವ ಅಧ್ಯಾಯವನ್ನು ಯೋಚಿಸಿ ನೋಡಿ.

ಐದನೆಯ ಹೆಜ್ಜೆ: ಸತ್ಯವನ್ನು ಮೊದಲು ಬರೆಯಿರಿ

ಮೊದಲ ಅಧ್ಯಾಯಕ್ಕೆ ಕೈ ಹಾಕುವ ಮುನ್ನ, ನಡೆದದ್ದನ್ನು ಅಪರಾಧಿಯ ಕಡೆಯಿಂದ ನಾಲ್ಕು ಪುಟ ಬರೆದಿಡಿ. ಇದನ್ನು ಓದುಗ ಎಂದೂ ಕಾಣುವುದಿಲ್ಲ. ಎಲ್ಲ ಹೆಜ್ಜೆಗಳಲ್ಲಿ ಹೊಸ ಬರಹಗಾರರು ಬಿಟ್ಟುಬಿಡುವುದು ಇದೊಂದನ್ನೇ, ಪುಸ್ತಕ ಮಧ್ಯದಲ್ಲಿ ಕುಸಿಯುವುದೂ ಇದರಿಂದಲೇ.

ನಮ್ಮ ಸತ್ಯ: ಬೆಂಕಿ ಹಚ್ಚಿದವನು ಅನ್ನಪೂರ್ಣಾಳ ಸೋದರಮಾವ. ಜಾನುವಾರು ಸಂತೆಯ ದಲ್ಲಾಳಿ. ಅಪ್ಪನಿಲ್ಲದ ಅವಳ ಕಾಲೇಜಿನ ಫೀ ಕಟ್ಟುವವನು, ಅವಳಿಗೆ ಸೈಕಲ್ಲು ಕೊಡಿಸಿದವನು. ಸಾಲದಲ್ಲಿದ್ದಾನೆ. ಮೇವು ಸುಟ್ಟುಹೋದ ರೈತ ಬೇಸಿಗೆಗೆ ಮುಂಚೆ ಎತ್ತುಗಳನ್ನು ಬಂದ ಬೆಲೆಗೆ ಮಾರಲೇಬೇಕು. ಸಮಾಧಾನ ಹೇಳುತ್ತ ಮೊದಲು ಬರುವವನು ಇವನೇ. ಆ ಕಾಲದಲ್ಲಿ ಅಗ್ಗಕ್ಕೆ ಕೊಂಡ ಹೋರಿ, ದೀಪಾವಳಿಯ ಸುಮಾರಿಗೆ ಹೋರಿ ಹಬ್ಬಕ್ಕೆ ಮೆರೆಸುವವರ ಕೈಗೆ ಹೋದರೆ ಬೆಲೆ ಬೇರೆಯೇ ಆಗುತ್ತದೆ.

ಬೆಂಕಿ ಹಚ್ಚುವವರ ಉದ್ದೇಶಗಳನ್ನು ಎಫ್‌ಬಿಐ ಪರಿಣತರು ಪುಂಡಾಟ, ರೋಮಾಂಚನ, ಸೇಡು, ಬೇರೆ ಅಪರಾಧ ಮುಚ್ಚುವುದು, ಲಾಭ ಎಂದೆಲ್ಲ ವಿಂಗಡಿಸಿದ್ದಾರೆ. ಅನ್ನಪೂರ್ಣಾ ಇವುಗಳನ್ನು ಒಂದೊಂದಾಗಿ ತೂಗಲಿ. ಪುಂಡಾಟವೆಂದರೆ ಕಾಮಣ್ಣನ ಹುಡುಗರು. ಸೇಡೆಂದರೆ ಹೊಲದ ಬದುವಿನ ಜಗಳ. ಲಾಭ? ಸುಟ್ಟ ಹುಲ್ಲಿನಿಂದ ಯಾರಿಗೆ ಲಾಭ ಎಂದು ಅವಳು ಅದನ್ನು ಮೊದಲೇ ಹೊಡೆದುಹಾಕಲಿ.

ಈಗ ಸುಳಿವುಗಳು. ಒಳ್ಳೆಯ ಸುಳಿವಿಗೆ ಎರಡು ಮುಖ ಇರಬೇಕು: ಒಂದು ತಪ್ಪು ಅರ್ಥ, ಒಂದು ಸರಿ ಅರ್ಥ, ಎರಡೂ ಅಷ್ಟೇ ಸಹಜ. ನೋಟುಬುಕ್ಕಿನಲ್ಲಿ ಗೆರೆ ಎಳೆದು ಎಡಕ್ಕೆ ಒಂದು, ಬಲಕ್ಕೆ ಒಂದು ಬರೆಯಿರಿ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಸೋಮವಾರ ಮತ್ತು ಗುರುವಾರ. ಐದೂ ಬೆಂಕಿ ಭಾನುವಾರ ಅಥವಾ ಬುಧವಾರ ರಾತ್ರಿ. ತಪ್ಪು ಅರ್ಥ: ಆಂಧ್ರ, ರಾಯಚೂರು, ಬಳ್ಳಾರಿ ಕಡೆಯಿಂದ ಮಾಲಿನ ಲಾರಿಗಳು ಬರುವ ರಾತ್ರಿಗಳವು, ಆದ್ದರಿಂದ ಹೊರಗಿನವನ ಕೆಲಸ. ಸರಿ ಅರ್ಥ: ಊರಿನ ಗಂಡಸರು ಚೀಲ ಹೇರಿಕೊಂಡು ಹಿಂದಿನ ರಾತ್ರಿಯೇ ಮಾರುಕಟ್ಟೆಗೆ ಹೋಗಿ ಮಲಗುತ್ತಾರೆ. ಯಾರ ಹಿತ್ತಿಲು ಖಾಲಿ ಎಂಬುದು ಒಳಗಿನವನಿಗೆ ಮಾತ್ರ ಗೊತ್ತು.

ಎತ್ತುಗಳನ್ನು ಬಿಚ್ಚಿ ಕಟ್ಟಿದ್ದು. ತಪ್ಪು ಅರ್ಥ: ಮೂಕಪ್ರಾಣಿಯ ಮೇಲೆ ಕರುಣೆಯುಳ್ಳ, ಎಳೆಯ ಮನಸ್ಸಿನವನು. ಸರಿ ಅರ್ಥ: ಅವು ಅವನು ಕೊಳ್ಳಲಿರುವ ಮಾಲು. ಈ ಎರಡನೆಯ ಅರ್ಥ ಓದುಗನ ಎದೆಗೆ ತಣ್ಣಗೆ ಹೊಗುವಂತೆ ಬರೆಯಿರಿ.

ಇನ್ನೊಂದು ಸುಳಿವನ್ನು ಎರಡನೆಯ ಅಧ್ಯಾಯದಲ್ಲೇ, ಯಾರೂ ಗಮನಿಸದ ಹಾಗೆ ಇಡಿ: ಮರಕ್ಕೆ ಕಟ್ಟಿದ ಕಣ್ಣಿಯ ಗಂಟು. ಎಳೆದಷ್ಟೂ ಬಿಗಿಯಾಗಿ, ಒಂದು ತುದಿ ಜಗ್ಗಿದರೆ ಸರ್ರನೆ ಬಿಚ್ಚುವ ಗಂಟು. ಚಿಕ್ಕಂದಿನಲ್ಲಿ ಮಾವ ಕಲಿಸಿದ್ದರಿಂದ ಅನ್ನಪೂರ್ಣಾಳಿಗೂ ಅದು ಬರುತ್ತದೆ. ನೆರೆಯವರ ಎತ್ತು ಬಿಚ್ಚಿಕೊಡುವಾಗ ಅವಳ ಬೆರಳು ಯೋಚಿಸದೆಯೇ ತುದಿಯನ್ನು ಜಗ್ಗಲಿ. ಅಷ್ಟೇ, ಮುಂದಿನ ಸಾಲಿಗೆ ಹೋಗಿಬಿಡಿ. ಇಪ್ಪತ್ತನೆಯ ಅಧ್ಯಾಯದಲ್ಲಿ ಆ ಬೆರಳು ಅವಳಿಗೆ ನೆನಪಾಗುತ್ತದೆ.

ಆರನೆಯ ಹೆಜ್ಜೆ: ಕಾನೂನಿನ ಬಾಗಿಲುಗಳು

ಇದನ್ನು ಬೇಸರದ ಭಾಗವೆಂದು ಹಾರಿಸಬೇಡಿ. ಕಾನೂನು ಹೇಳುವ ಪ್ರತಿಯೊಂದು "ಕೂಡದು" ನಿಮಗೊಂದು ದೃಶ್ಯ ಕೊಡುತ್ತದೆ.

2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಇಂದಿನ ಕತೆಯಲ್ಲಿ ಪಿಎಸ್‌ಐ "ಸೆಕ್ಷನ್ 302" ಎಂದರೆ ಕಾನೂನು ಗೊತ್ತಿರುವ ಓದುಗ ಪುಸ್ತಕ ಮುಚ್ಚುತ್ತಾನೆ. ಹೊಸ ಸಂಹಿತೆಯಲ್ಲಿ ಕೊಲೆಯ ಶಿಕ್ಷೆ 103ನೆಯ ಕಲಮಿನಲ್ಲಿದೆ.

ಪೊಲೀಸರು ಹುಡುಗಿಗೆ ಕಡತ ತೋರಿಸುವುದಿಲ್ಲ. ಹಾಗಾದರೆ ಅವಳಿಗೆ ಸ್ಥಳದ ವಿವರ ಸಿಗುವುದು ಹೇಗೆ? ನಮ್ಮ ಹಳ್ಳಿಗಳಲ್ಲಿ ಇದಕ್ಕೊಂದು ಸಹಜ ದಾರಿ ಇದೆ: ಪಂಚನಾಮೆ, ಅಂದರೆ ಸಾಕ್ಷಿಗಳೆದುರು ಸ್ಥಳ ನೋಡಿ ಪೊಲೀಸರು ಬರೆಯುವ ವರದಿ. ಅದಕ್ಕೆ ಸಹಿ ಹಾಕುವ ಪಂಚರು ಊರಿನವರೇ. ಅನ್ನಪೂರ್ಣಾಳ ಅಜ್ಜ ಪಂಚನಾಗಲಿ. ಪೊಲೀಸರು ಏನನ್ನು ಅಳೆದರು, ಏನನ್ನು ಬರೆಯದೆ ಬಿಟ್ಟರು ಎಂಬುದನ್ನು ಆತ ರಾತ್ರಿ ರೊಟ್ಟಿ ಮುರಿಯುತ್ತ ಮೊಮ್ಮಗಳಿಗೆ ಹೇಳಲಿ. ಎಲೆ ಅಡಿಕೆಯ ಚೀಲದಲ್ಲಿ ಕನ್ನಡಕ ಮರೆತು ಹೋಗಿದ್ದ ಅಜ್ಜ ಅರ್ಧವನ್ನೇ ಓದಿ ಸಹಿ ಹಾಕಿದ್ದಾನೆ ಎಂದಾದರೆ, ಮಾಹಿತಿಯ ಕೊರತೆಯೂ ಸಹಜವಾಗಿಯೇ ಬಂದುಬಿಡುತ್ತದೆ.

ಸಾಕ್ಷಿ ಹೇಳಿಕೆಗಾಗಿ ಹೆಂಗಸರನ್ನು, ಹದಿನೈದರೊಳಗಿನ ಹುಡುಗರನ್ನು ಪೊಲೀಸರು ಠಾಣೆಗೆ ಬರಲೇಬೇಕೆಂದು ಕರೆಸುವಂತಿಲ್ಲ, ಅವರಿರುವಲ್ಲಿಗೇ ಹೋಗಬೇಕು. ಆದ್ದರಿಂದ ಅನ್ನಪೂರ್ಣಾಳನ್ನು ವಿಚಾರಿಸುವ ದೃಶ್ಯ ಅವಳ ಮನೆಯ ಪಡಸಾಲೆಯಲ್ಲೇ ನಡೆಯಲಿ. ಹೊರಗೆ ಕಟ್ಟೆಯ ಮೇಲೆ ಮಾವ ಕೂತು ಪ್ರತಿ ಮಾತನ್ನೂ ಕೇಳುತ್ತಿರಲಿ. ಠಾಣೆಯ ದೃಶ್ಯಕ್ಕೆ ಇಷ್ಟು ಬಿಗಿ ಬರುವುದೇ ಇಲ್ಲ.

ಕಾಮಣ್ಣನ ಹುಡುಗರನ್ನು ಪೊಲೀಸರು ಲಾಕಪ್ಪಿಗೆ ಹಾಕಿದರೆಂದು ಬರೆಯುವ ಮುನ್ನ ನೆನಪಿಡಿ: ಬಾಲ ನ್ಯಾಯ ಕಾಯ್ದೆ 2015ರ ಪ್ರಕಾರ ಹದಿನೆಂಟರೊಳಗಿನವರನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು, ಅವರ ಗುರುತನ್ನು ಯಾವ ಪತ್ರಿಕೆಯೂ ಪ್ರಕಟಿಸುವಂತಿಲ್ಲ. ನಿಮ್ಮ ಪಿಎಸ್‌ಐ ಇದನ್ನು ಮೀರಿದರೆ ಅದು ತಪ್ಪೆಂದು ಕತೆಗೆ ಗೊತ್ತಿರಬೇಕು.

ಕೊನೆಯದಾಗಿ, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ. ಮಂಪರು ಪರೀಕ್ಷೆಯನ್ನೂ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ಸುಪ್ರೀಂ ಕೋರ್ಟು 2010ರಲ್ಲಿ ಹಾಗೆಂದು ತೀರ್ಪು ಕೊಟ್ಟ ಸೆಲ್ವಿ ಪ್ರಕರಣದಲ್ಲಿ ಎದುರು ಕಕ್ಷಿಯಾಗಿದ್ದದ್ದು ನಮ್ಮದೇ ಕರ್ನಾಟಕ ಸರ್ಕಾರ. ಖಳನಾಯಕ ಮೊಣಕಾಲೂರಿ ಎಲ್ಲವನ್ನೂ ಒಪ್ಪಿಕೊಳ್ಳುವ ಕೊನೆಯನ್ನು ಹೀಗಾಗಿ ಮರೆತುಬಿಡಿ. ಸಾಕ್ಷ್ಯ ಬೇರೆ ಕಡೆಯಿಂದ ಬರಬೇಕು.

ಏಳನೆಯ ಹೆಜ್ಜೆ: ಅವಳು ತಪ್ಪಲಿ

ಕಾದಂಬರಿಯ ನಡುಮಧ್ಯಕ್ಕೆ ಬಂದೆವು. ನಾನು ಈ ಮಾರ್ಗದರ್ಶಿ ಬರೆಯಲು ಕುಳಿತದ್ದೇ ಈ ಹೆಜ್ಜೆಗಾಗಿ.

ಮೂರನೆಯ ಬೆಂಕಿಯ ಹೊತ್ತಿಗೆ ಅನ್ನಪೂರ್ಣಾ ಒಂದು ಚಿತ್ರ ಬಿಡಿಸುತ್ತಾಳೆ. ಹೊರಗಿನವನು, ಮಾರುಕಟ್ಟೆಯ ಹಿಂದಿನ ರಾತ್ರಿ ಬರುವವನು, ದನಗಳ ನಡುವೆ ಬೆಳೆದವನು, ಎಳೆಯ ಪ್ರಾಯದವನು, ಒಂಟಿ. ಎಲ್ಲವೂ ತರ್ಕಬದ್ಧ. ಗೆಳತಿಗೆ ಹೇಳುತ್ತಾಳೆ. ಗೆಳತಿ ಅಣ್ಣನಿಗೆ, ಅಣ್ಣ ವಾಟ್ಸಾಪ್ ಗುಂಪಿಗೆ. ನಾಲ್ಕನೆಯ ಬೆಂಕಿಯ ರಾತ್ರಿ ಲಾರಿಯ ಜೊತೆ ಬಂದು ಹಳ್ಳಿಯ ರಸ್ತೆಬದಿ ಮಲಗಿದ್ದ ತೆಲುಗು ಮಾತನಾಡುವ ಹತ್ತೊಂಬತ್ತರ ಕೂಲಿ ಹುಡುಗನೊಬ್ಬನನ್ನು ಜನ ಹಿಡಿಯುತ್ತಾರೆ. ಅವನು ಹೊಡೆತ ತಿನ್ನುತ್ತಾನೆ. ಅವನ ಕೈ ಮುರಿಯುತ್ತದೆ. ಚೀಲ ಎತ್ತುವ ಕೈ ಅದು.

ನಾಲ್ಕು ದಿನ ಬಿಟ್ಟು ಐದನೆಯ ಬಣವೆ ಸುಡುತ್ತದೆ.

ಅನ್ನಪೂರ್ಣಾಳ ಚಿತ್ರ ತಪ್ಪಾದದ್ದು ಎಲ್ಲಿ? ಇದನ್ನು ಬರೆಯುವಾಗ ಎರಡು ಪದರಗಳನ್ನು ಬಿಡಿಸಿ. ಒಂದು, ಚಿತ್ರ ತೀರ ಅಗಲವಾಗಿತ್ತು. ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ ತಮ್ಮ ವಿದ್ಯಾರ್ಥಿಗಳಿಗೆಲ್ಲ ಒಂದೇ ಸ್ವಭಾವವರ್ಣನೆ ಕೊಟ್ಟಾಗ ಹೆಚ್ಚುಕಡಿಮೆ ಎಲ್ಲರೂ ಅದು ತಮ್ಮದೇ ಎಂದು ಮೆಚ್ಚಿದರು. ಅವರು ಅದನ್ನು 1949ರಲ್ಲಿ ಪ್ರಕಟಿಸಿದರು. "ಎಳೆಯ, ಒಂಟಿ, ದನಗಳ ಪರಿಚಯವಿರುವ" ಎಂಬ ವರ್ಣನೆಗೆ ಹಾವೇರಿ ಜಿಲ್ಲೆಯ ಎಷ್ಟು ಹುಡುಗರು ಹೊಂದುವುದಿಲ್ಲ?

ಎರಡನೆಯ ಪದರ ನೋಯಿಸುವಂಥದು. "ಹೊರಗಿನವನು" ಎಂಬ ಪದ ಊರಿಗೆ ಬೇಕಾಗಿತ್ತು. ಅವಳ ಊಹೆ ಅಷ್ಟು ಬೇಗ ಹಬ್ಬಿದ್ದು ಅದು ಚೆನ್ನಾಗಿತ್ತೆಂದಲ್ಲ, ಕೇಳಿದವರ ಮನಸ್ಸಿನಲ್ಲಿ ಆಗಲೇ ಇತ್ತೆಂದು. ಭಾಷೆ, ಜಾತಿ, ಧರ್ಮ, ಊರು: ಇವುಗಳಲ್ಲಿ ಯಾವುದನ್ನು ಸಾಕ್ಷ್ಯವೆಂದು ಹಿಡಿದರೂ ಪ್ರೊಫೈಲಿಂಗ್ ಪೂರ್ವಗ್ರಹಕ್ಕೆ ಹಾಕಿದ ವಿಜ್ಞಾನದ ಅಂಗಿಯಾಗುತ್ತದೆ. ಬುದ್ಧಿವಂತ ಹುಡುಗಿ ಇದನ್ನು ತನ್ನ ಕೈಯಿಂದಲೇ ಆದ ಗಾಯದಲ್ಲಿ ಕಾಣಬೇಕು. ಅವಳು ಅಳುವ ದೃಶ್ಯ ಬರೆಯಬೇಡಿ. ಅವಳು ಹಾವೇರಿಯ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಲಿ, ಆ ಹುಡುಗನ ಹಾಸಿಗೆಯ ಪಕ್ಕ ನಿಲ್ಲಲಿ, ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಅರ್ಧ ಮಾತ್ರ ತಿಳಿಯಲಿ. ಅವನ ಸಿಟ್ಟನ್ನು ಕಡಿಮೆ ಮಾಡಬೇಡಿ. ಕ್ಷಮಿಸಿದನೆಂದೂ ಬರೆಯಬೇಡಿ. ಅವನು ಅವಳಿಗೆ ಕೊಡುವುದು ಒಂದು ಸಂಗತಿಯನ್ನು ಮಾತ್ರ: ಆ ರಾತ್ರಿ ಮರಕ್ಕೆ ಎತ್ತು ಕಟ್ಟುತ್ತಿದ್ದವನು ಅವುಗಳ ಬಾಯಿ ಅಗಲಿಸಿ ಹಲ್ಲು ನೋಡುತ್ತಿದ್ದ.

ಹಲ್ಲು ನೋಡುವುದು ಯಾರು? ದನದ ವಯಸ್ಸು ತಿಳಿಯಬೇಕಾದವನು, ಅಂದರೆ ಕೊಳ್ಳುವವನು.

ಇಲ್ಲಿಂದ ಅವಳು ಹೊಸದಾಗಿ, ಬೇರೆ ತುದಿಯಿಂದ ಶುರು ಮಾಡಲಿ. ಅಪರಾಧಿ ಎಂಥವನು ಎಂಬ ಪ್ರಶ್ನೆ ಬಿಟ್ಟು, ಕಳೆದುಕೊಂಡವರು ಯಾರು ಎಂದು ಕೇಳಲಿ. ಪರಿಣತ ಪ್ರೊಫೈಲರ್‌ಗಳು ಮೊದಲೇ ಮಾಡುವ ಕೆಲಸ ಇದು. ಐದು ಮನೆಗಳಿಗೂ ಹೋಗಿ, ತಟ್ಟೆಯಲ್ಲಿ ಕೊಟ್ಟ ಚಹಾ ಕುಡಿದು, ಅವಳು ಕೇಳುವುದು ಒಂದೇ ಪ್ರಶ್ನೆ: ಬೆಂಕಿ ಬಿದ್ದ ಮೇಲೆ ಏನು ಮಾರಿದಿರಿ, ಯಾರಿಗೆ? ಐದರಲ್ಲಿ ನಾಲ್ಕು ಮನೆಯವರು ಸಂತೆಯ ರಸೀದಿ ತೆಗೆದು ತೋರಿಸಲಿ. ಕೊಂಡವರ ಹೆಸರು ಬೇರೆ ಬೇರೆ, ನಡುವೆ ನಿಂತ ದಲ್ಲಾಳಿಯ ರುಜು ಒಂದೇ. ನ್ಯೂಯಾರ್ಕಿನ ಆ ಗುಮಾಸ್ತೆಯ ಕಡತ ಬ್ಯಾಡಗಿ ಸೀಮೆಯ ಗೂಡಿನಲ್ಲಿ ಮಡಚಿಟ್ಟ ಹಳದಿ ಕಾಗದವಾಗಿ ಬಂತು.

ಎಂಟನೆಯ ಹೆಜ್ಜೆ: ಭಾಷೆ

ಇದು ಚಿಕ್ಕದು. ಕಥನವನ್ನು ಗ್ರಾಂಥಿಕದಲ್ಲಿಡಿ, ಸಂಭಾಷಣೆಯನ್ನು ಆ ಊರಿನ ಮಾತಿನಲ್ಲಿ ಬರೆಯಿರಿ. ಆದರೆ ಹಾವೇರಿಯ ಮಾತೇ ಬೇರೆ, ಧಾರವಾಡದ್ದೇ ಬೇರೆ. ಕಿವಿಯಿಂದ ಕಲಿಯದ ಆಡುಮಾತನ್ನು ಬರೆಯುವುದಕ್ಕಿಂತ ಸರಳ ಕನ್ನಡವೇ ಮೇಲು. ಅನ್ನಪೂರ್ಣಾ ಮನೆಯಲ್ಲಿ ಎಂದೂ ಪ್ರೊಫೈಲಿಂಗ್ ಎಂಬ ಪದ ಬಳಸಬಾರದು. ಅವಳಮ್ಮನಿಗೆ ಅದು "ಕೈ ಗುರುತು ಹಿಡಿಯುವುದು". ಇಡೀ ಪುಸ್ತಕಕ್ಕೆ ಆ ಮಾತು ಸಾಕು.

ಒಂಬತ್ತನೆಯ ಹೆಜ್ಜೆ: ಬರೆದು, ಓದಿಸಿ, ಮತ್ತೆ ಬರೆಯಿರಿ

ಸುಮಾರು 40,000 ಪದ, 24 ಅಧ್ಯಾಯ ಈ ಕತೆಗೆ ಸಾಕಾಗುತ್ತದೆ. ಮೊದಲ ಕರಡನ್ನು ಹಿಂದಿರುಗಿ ನೋಡದೆ ಮುಗಿಸಿ. ಆಮೇಲೆ ಐದಾರು ಮಕ್ಕಳನ್ನು ಕೂರಿಸಿ ಓದಿಸಿ. ಒಂಬತ್ತನೆಯ ಅಧ್ಯಾಯದ ಕೊನೆಯಲ್ಲಿ ನಿಲ್ಲಿಸಿ, ಯಾರ ಮೇಲೆ ಅನುಮಾನ, ಏಕೆ ಎಂದು ಚೀಟಿಯಲ್ಲಿ ಬರೆಸಿ. ಹದಿನಾರರ ಕೊನೆಯಲ್ಲಿ ಮತ್ತೊಮ್ಮೆ. ಒಂಬತ್ತರಲ್ಲೇ ಎಲ್ಲರೂ ಮಾವನ ಹೆಸರು ಬರೆದರೆ ಅವನು ಅತಿ ಒಳ್ಳೆಯವನಾಗಿದ್ದಾನೆ ಎಂದರ್ಥ. ಅವನಿಗೆ ಒಂದೆರಡು ಸಣ್ಣ ಕೊರತೆ ಕೊಡಿ: ಮರೆವು, ಸಿಡುಕು, ಸಂತೆಯಿಂದ ಬಂದ ದಿನ ಊಟಕ್ಕೆ ತಡ. ಹದಿನಾರರಲ್ಲೂ ಒಬ್ಬರೂ ಬರೆಯದಿದ್ದರೆ ಸುಳಿವನ್ನು ಹೂತುಬಿಟ್ಟಿದ್ದೀರಿ. ಗಂಟನ್ನು ಇನ್ನೊಂದು ಕಡೆ, ಅವಳ ಸೈಕಲ್ಲಿನ ಹಿಂಬದಿಗೆ ಮಾವ ಪುಸ್ತಕದ ಚೀಲ ಬಿಗಿಯುವಾಗ ತೋರಿಸಿ.

ಒಬ್ಬ ರೈತರಿಗೂ ಓದಿಸಿ. ಎತ್ತಿನ ಹಲ್ಲು, ಮೂಗುದಾರ, ಕಣಿಕೆ ಒಟ್ಟುವ ಬಗೆ, ಇವುಗಳಲ್ಲಿ ನೀವು ಮಾಡಿದ ತಪ್ಪನ್ನು ಅವರು ಮೊದಲ ಓದಿಗೇ ಹಿಡಿಯುತ್ತಾರೆ.

ಕೊನೆಯ ಅಧ್ಯಾಯವನ್ನು ಬಂಧನದ ದೃಶ್ಯಕ್ಕೆ ಕೊಡಬೇಡಿ. ಬಂಧನ ಎರಡು ಸಾಲಿನಲ್ಲಿ ಮುಗಿಯಲಿ. ಮರುವಾರ ಕಾಲೇಜಿನ ಎರಡನೆಯ ಕಂತಿನ ಫೀ ಕಟ್ಟಬೇಕು, ಕಟ್ಟುವವನು ಜೈಲಿನಲ್ಲಿದ್ದಾನೆ. ತಾಯಿ ಮಗಳೊಂದಿಗೆ ಮಾತು ಬಿಟ್ಟಿದ್ದಾಳೆ, ಒಡಹುಟ್ಟಿದವನಲ್ಲವೇ. ಸೋಮವಾರ ಬೆಳಗ್ಗೆ ಇಬ್ಬರೂ ಒಂದೇ ಟಂಟಂನಲ್ಲಿ ಬ್ಯಾಡಗಿಗೆ ಹೋಗುತ್ತಾರೆ, ಎದುರುಬದುರು ಕೂತು ತೊಟ್ಟು ಬಿಡಿಸುತ್ತಾರೆ. ಸಂಜೆ ತೂಕಕ್ಕೆ ಹಾಕುವಾಗ ಅನ್ನಪೂರ್ಣಾ ತಾಯಿಯ ರಾಶಿಯನ್ನು ನೋಡುತ್ತಾಳೆ. ಅದರಲ್ಲಿ ಎಷ್ಟು ಕಾಯಿ ಹೋಳಾಗಿವೆ ಎಂಬುದನ್ನು ಮಾತ್ರ ಬರೆಯಿರಿ.